ಶಿಲ್ಕು ಸೊನ್ನೆಯಾದರೂ ಖಾತೆ: ತೆರೆಯುವುದು ಹೇಗೆ, ಕೈಯಲ್ಲಿ ಉಳಿಸಿಕೊಳ್ಳುವುದು ಹೇಗೆ?

ಸೊಲ್ಲಾಪುರದಲ್ಲಿ ಬೀಡಿ ಕಟ್ಟುವ, ಚಾದರದ ಕಾರ್ಖಾನೆಗಳಲ್ಲಿ ದುಡಿಯುವ, ನಾಲ್ಕು ಮನೆಗಳಲ್ಲಿ ಪಾತ್ರೆ ತಿಕ್ಕುವ ಹೆಂಗಸರಲ್ಲಿ ಬ್ಯಾಂಕಿನ ಮುಖವನ್ನೇ ಕಾಣದವರು ಈಗ ಕಡಿಮೆ. 2014ರ ಆಗಸ್ಟ್ 28ರಂದು ಜನಧನ ಯೋಜನೆ ಶುರುವಾದ ಮೇಲೆ ಎಷ್ಟೋ ಮನೆಗಳಿಗೆ ಒಂದಾದರೂ ಪಾಸ್‌ಬುಕ್ ಬಂದಿದೆ. ಆದರೆ ಅದರ ಕೊನೆಯ ನಮೂದು ಯಾವ ವರ್ಷದ್ದು, ಖಾತೆಗೆ ಕೊಟ್ಟ ಮೊಬೈಲ್ ಯಾರ ಜೇಬಿನಲ್ಲಿದೆ ಎಂದು ಕೇಳಿದರೆ ಉತ್ತರ ತಡವರಿಸುತ್ತದೆ. ಖಾತೆ ಇಲ್ಲದವರಿಗೂ, ಇದ್ದೂ ಇಲ್ಲದಂತಾಗಿರುವವರಿಗೂ ಮಾಡಬೇಕಾದ ಕೆಲಸ ಇಲ್ಲಿದೆ.

ಕೌಂಟರಿನಲ್ಲಿ ಏನು ಕೇಳಬೇಕು

‘ಸೇವಿಂಗ್ಸ್ ಖಾತೆ ಬೇಕು’ ಎಂದಷ್ಟೇ ಹೇಳಿದರೆ ಕನಿಷ್ಠ ಶಿಲ್ಕು ಇಡಬೇಕಾದ ಮಾಮೂಲಿ ಖಾತೆಯ ಅರ್ಜಿ ಕೈಗೆ ಬರಬಹುದು. ನೀವು ಕೇಳಬೇಕಾದದ್ದು ಮೂಲ ಉಳಿತಾಯ ಖಾತೆ, ಅಂದರೆ ಜನರ ಬಾಯಲ್ಲಿ ಝೀರೊ ಬ್ಯಾಲೆನ್ಸ್ ಖಾತೆ. ಇದನ್ನು ಎಲ್ಲ ಬ್ಯಾಂಕುಗಳೂ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ. ಶಿಲ್ಕು ಇಲ್ಲವೆಂದು ದಂಡ ಹಾಕುವಂತಿಲ್ಲ, ಎಟಿಎಂ ಕಾರ್ಡಿಗೆ ಶುಲ್ಕವಿಲ್ಲ, ಹಣ ತುಂಬುವುದಕ್ಕೆ ಲೆಕ್ಕವಿಲ್ಲ, ತಿಂಗಳಿಗೆ ಕನಿಷ್ಠ ನಾಲ್ಕು ಸಲ ಉಚಿತವಾಗಿ ಹಣ ತೆಗೆಯಬಹುದು. ಮರಾಠಿ ಸರಾಗವಾಗಿ ಬಾರದವರು ಈ ಒಂದು ವಾಕ್ಯ ಬಾಯಿಪಾಠ ಮಾಡಿಕೊಂಡರೆ ಸಾಕು: ‘ಮಲಾ ಝೀರೊ ಬ್ಯಾಲೆನ್ಸ್ ಖಾತಂ ಉಘಡಾಯಚಂ ಆಹೆ.’ ಒಂದೇ ಬ್ಯಾಂಕಿನಲ್ಲಿ ಈ ಖಾತೆಯೂ ಇನ್ನೊಂದು ಉಳಿತಾಯ ಖಾತೆಯೂ ಒಟ್ಟಿಗೆ ಇರುವಂತಿಲ್ಲ; ಹಳೆಯದಿದ್ದರೆ ಅದನ್ನೇ ಬದಲಾಯಿಸಿಕೊಡಲು ಕೇಳಿ.

ಕಾಗದಪತ್ರ

ಆಧಾರ್, ಫೋಟೊ, ಪ್ಯಾನ್. ಪ್ಯಾನ್ ಇಲ್ಲದವರು ಅದರ ಬದಲು ಬ್ಯಾಂಕ್ ಕೊಡುವ ಘೋಷಣಾ ಪತ್ರ ತುಂಬಿದರಾಯಿತು. ಇಂಡಿ, ಆಳಂದದ ಕಡೆಯಿಂದ ಬಂದು ಬಾಡಿಗೆ ಮನೆಯಲ್ಲಿರುವವರ ಆಧಾರಿನಲ್ಲಿ ಇನ್ನೂ ಊರಿನ ವಿಳಾಸವೇ ಇರುತ್ತದೆ. ಅದಕ್ಕಾಗಿ ಹಿಂದಿರುಗಬೇಕಿಲ್ಲ. ಆಧಾರ್ ಮೂಲಕ ಗುರುತು ಖಚಿತಪಡಿಸಿಕೊಂಡಾಗ, ಈಗಿರುವ ವಿಳಾಸವನ್ನು ನೀವೇ ಬರೆದು ಸಹಿ ಮಾಡಿದ ಹೇಳಿಕೆ ಸಾಕಾಗುತ್ತದೆ.

ನಮ್ಮವರನ್ನು ಹೆಚ್ಚು ಕಾಡುವುದು ಹೆಸರು. ತವರಿನ ದಾಖಲೆಯಲ್ಲಿ ತಂದೆಯ ಹೆಸರು, ಇಲ್ಲಿಯ ಪಡಿತರ ಚೀಟಿಯಲ್ಲಿ ಗಂಡನ ಹೆಸರು, ಒಂದರಲ್ಲಿ ಅಡ್ಡಹೆಸರು ಮೊದಲು, ಇನ್ನೊಂದರಲ್ಲಿ ಕೊನೆಗೆ. ಅರ್ಜಿಯಲ್ಲಿ ಆಧಾರಿನಲ್ಲಿದ್ದಂತೆಯೇ ಅಕ್ಷರ ತಪ್ಪದೆ ಬರೆಸಿ. ಆಧಾರಿನಲ್ಲೇ ತಪ್ಪಿದ್ದರೆ ಮೊದಲು ಅದನ್ನು ತಿದ್ದಿಸಿಕೊಂಡು ಬನ್ನಿ, ಇಲ್ಲದಿದ್ದರೆ ಆ ತಪ್ಪು ವಿಮೆಯ ಕಾಗದದವರೆಗೂ ಬೆನ್ನು ಹತ್ತುತ್ತದೆ.

ಯಾವ ದಾಖಲೆಯೂ ಇಲ್ಲದವರಿಗೆ ‘ಸಣ್ಣ ಖಾತೆ’ ಇದೆ. ಅಧಿಕಾರಿಯ ಎದುರು ಫೋಟೊ ಕೊಟ್ಟು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ತೆರೆಯುತ್ತಾರೆ. ಅದಕ್ಕೆ ಮಿತಿಗಳುಂಟು: ಯಾವಾಗಲೂ ಶಿಲ್ಕು 50,000 ರೂಪಾಯಿ ಮೀರಬಾರದು, ತಿಂಗಳಿಗೆ ತೆಗೆಯುವುದು 10,000 ದಾಟಬಾರದು, ವರ್ಷದ ಜಮೆ ಒಂದು ಲಕ್ಷದೊಳಗಿರಬೇಕು. ಹನ್ನೆರಡು ತಿಂಗಳೊಳಗೆ ದಾಖಲೆಗೆ ಅರ್ಜಿ ಹಾಕಿದ ಪುರಾವೆ ತೋರಿಸಿದರೆ ಇನ್ನೊಂದು ವರ್ಷ ನಡೆಯುತ್ತದೆ.

ಅರ್ಜಿ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಇದ್ದರೂ ಸಹಿ ಕನ್ನಡದಲ್ಲಿ ಮಾಡಬಹುದು. ಒಮ್ಮೆ ಹೇಗೆ ಮಾಡಿದಿರೋ ಮುಂದೆಯೂ ಹಾಗೆಯೇ ಮಾಡಬೇಕು, ಅಷ್ಟೆ. ವಾರಸುದಾರರ (ನಾಮಿನಿ) ಹೆಸರಿನ ಜಾಗವನ್ನು ಖಾಲಿ ಬಿಡಬೇಡಿ.

ಮೊಬೈಲ್ ನಂಬರ್ ಯಾರದು?

ಇಡೀ ಅರ್ಜಿಯಲ್ಲಿ ನಾನು ಅತ್ಯಂತ ಮುಖ್ಯವೆಂದು ಹೇಳುವುದು ಈ ಒಂದು ಸಾಲು. ಅವ್ವನ ಖಾತೆಗೆ ಮಗನ ನಂಬರ್, ಸೊಸೆಯ ಖಾತೆಗೆ ಮಾವನ ನಂಬರ್, ಕೆಲವೊಮ್ಮೆ ಅರ್ಜಿ ತುಂಬಿಕೊಟ್ಟ ದಲ್ಲಾಳಿಯದೇ ನಂಬರ್. ಹಣ ಬಂದ ಸಂದೇಶ, ಓಟಿಪಿ ಎಲ್ಲ ಆ ಕಡೆಗೆ ಹೋಗುತ್ತವೆ. ನಂಬರ್ ಯಾರದೋ ಖಾತೆ ಅವರದೇ ಎಂದು ತಿಳಿಯಿರಿ. ಅಂತರ್ಜಾಲ ಇಲ್ಲದ, ಒತ್ತುವ ಗುಂಡಿಯ ಸಾದಾ ಫೋನಾದರೂ ನಿಮ್ಮದೇ ಇರಲಿ. ಈಗಾಗಲೇ ಬೇರೆಯವರ ನಂಬರ್ ಕೊಟ್ಟಿದ್ದರೆ ಪಾಸ್‌ಬುಕ್ ಮತ್ತು ಆಧಾರ್ ಹಿಡಿದು ಶಾಖೆಗೆ ಹೋಗಿ ಬದಲಾವಣೆಯ ಅರ್ಜಿ ಕೊಡಿ.

ಸವೆದ ಬೆರಳು, ಒಪ್ಪದ ಯಂತ್ರ

ಬ್ಯಾಂಕ್ ಮಿತ್ರರ, ಅಂದರೆ ಬ್ಯಾಂಕಿನ ಪರವಾಗಿ ಯಂತ್ರ ಇಟ್ಟುಕೊಂಡು ಹಣ ಕೊಡುವವರ ಬಳಿ ಆಧಾರ್ ಸಂಖ್ಯೆ ಹೇಳಿ ಬೆರಳಿಟ್ಟರೆ ಹಣ ಸಿಗುತ್ತದೆ. ಆದರೆ ವರ್ಷಾನುಗಟ್ಟಲೆ ಎಲೆ ಕತ್ತರಿಸಿ, ತಂಬಾಕು ತುಂಬಿ, ಸುರುಳಿ ಸುತ್ತಿ, ತುದಿ ಮಡಿಸಿದ ಹೆಬ್ಬೆರಳು ಮತ್ತು ತೋರುಬೆರಳಿನ ಗೆರೆಗಳು ನುಣ್ಣಗಾಗಿರುತ್ತವೆ. ಕೆಂಪು ದೀಪ ಹತ್ತುತ್ತದೆ, ‘ನಾಳೆ ಬನ್ನಿ ಅವ್ವಾ’ ಎನ್ನುತ್ತಾರೆ. ನಾಳೆ ಬಂದರೂ ಬೆರಳು ಅದೇ. ಕೈ ತೊಳೆದು, ಒರೆಸಿ, ಉಂಗುರದ ಬೆರಳು ಅಥವಾ ಕಿರುಬೆರಳನ್ನು ಇಟ್ಟು ನೋಡಿ. ಹತ್ತರಲ್ಲಿ ಯಾವ ಬೆರಳಾದರೂ ನಡೆಯುತ್ತದೆ, ಹೆಬ್ಬೆರಳೇ ಆಗಬೇಕೆಂದಿಲ್ಲ. ಯಾವುದೂ ಹತ್ತದಿದ್ದರೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚನ್ನು ಹೊಸದಾಗಿ ಕೊಟ್ಟು ಬನ್ನಿ. ಇದಕ್ಕೇ ಖಾತೆಯ ಜೊತೆ ಬರುವ ರುಪೇ ಎಟಿಎಂ ಕಾರ್ಡನ್ನು ಬೇಡವೆನ್ನಬೇಡಿ ಎಂದು ಹೇಳುವುದು: ಪಿನ್ ಸಂಖ್ಯೆಗೆ ಗೆರೆ ಸವೆಯುವ ಭಯವಿಲ್ಲ.

ಮೋಸ ನಡೆಯುವುದೂ ಇಲ್ಲಿಯೇ. ‘ಸರಿಯಾಗಿ ಬರಲಿಲ್ಲ, ಇನ್ನೊಮ್ಮೆ ಒತ್ತಿ’ ಎಂದು ಎರಡು ಸಲ ಹಣ ತೆಗೆದು ಒಂದು ಸಲದ್ದನ್ನು ಕೈಗಿಡುವವರಿದ್ದಾರೆ. ಎಷ್ಟು ಸಲ ಬೆರಳಿಟ್ಟಿರೋ ಅಷ್ಟು ರಸೀದಿ ಕೇಳಿ, ವಿಫಲವಾದದ್ದಕ್ಕೂ ಕೇಳಿ. ಹೊರಡುವ ಮುನ್ನ ಶಿಲ್ಕು ಎಷ್ಟೆಂದು ಓದಿಸಿಕೊಳ್ಳಿ.

ಹಣ ಯಾವ ಖಾತೆಗೆ ಬೀಳುತ್ತದೆ

ಮಹಾರಾಷ್ಟ್ರ ಸರ್ಕಾರ ಹೆಂಗಸರಿಗೆ ಕೊಡುವ ‘ಲಾಡಕೀ ಬಹೀಣ್’ ಯೋಜನೆಯ 1,500 ರೂಪಾಯಿಯಂಥ ಸರ್ಕಾರಿ ಹಣ ಆಧಾರ್ ಜೋಡಿಸಿದ ಖಾತೆಗೆ ಬರುತ್ತದೆ. ಎರಡು ಮೂರು ಖಾತೆ ಇದ್ದರೆ ಕೊನೆಗೆ ಯಾವುದನ್ನು ಜೋಡಿಸಿದಿರೋ ಅದಕ್ಕೇ. ‘ಹಣ ಬಂದಿಲ್ಲ’ ಎಂದು ಒಂದು ಬ್ಯಾಂಕಿನಲ್ಲಿ ಜಗಳವಾಡುತ್ತಿರುವಾಗ ಅದು ಮರೆತುಹೋದ ಇನ್ನೊಂದರಲ್ಲಿ ಕೂತಿರುತ್ತದೆ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಜೋಡಣೆಯಾದ ಬ್ಯಾಂಕಿನ ಹೆಸರು ಕಾಣುತ್ತದೆ. ಓದುವ ಮಕ್ಕಳಿಂದ ನೋಡಿಸಿಕೊಳ್ಳಿ.

ಎರಡು ವರ್ಷ ನೀವು ಒಂದೂ ವ್ಯವಹಾರ ಮಾಡದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ. ಅದನ್ನು ಮತ್ತೆ ಚಾಲೂ ಮಾಡಲು ಬ್ಯಾಂಕ್ ಶುಲ್ಕ ಕೇಳುವಂತಿಲ್ಲ.

ಖಾತೆಯಿಂದ ಏನೇನು ಸಿಗುತ್ತದೆ

ವರ್ಷಕ್ಕೆ 20 ರೂಪಾಯಿಗೆ ಎರಡು ಲಕ್ಷದ ಅಪಘಾತ ವಿಮೆ, 18ರಿಂದ 70 ವಯಸ್ಸಿನವರಿಗೆ. 436 ರೂಪಾಯಿಗೆ ಎರಡು ಲಕ್ಷದ ಜೀವ ವಿಮೆ, 18ರಿಂದ 50ರವರಿಗೆ. ಎರಡೂ ಜೂನ್ 1ರಿಂದ ಮೇ 31ರವರೆಗೆ. ಮೇ ಕೊನೆಯಲ್ಲಿ ಖಾತೆಯಲ್ಲಿ ಅಷ್ಟು ಹಣ ಇಲ್ಲದಿದ್ದರೆ ವಿಮೆ ತಾನಾಗಿಯೇ ನಿಂತುಹೋಗುತ್ತದೆ, ಯಾರೂ ಮನೆಗೆ ಬಂದು ಹೇಳುವುದಿಲ್ಲ. ಜನಧನ ಖಾತೆಯನ್ನು ಆರು ತಿಂಗಳು ಚೆನ್ನಾಗಿ ನಡೆಸಿದವರು 10,000 ರೂಪಾಯಿವರೆಗೆ ಓವರ್‌ಡ್ರಾಫ್ಟ್, ಅಂದರೆ ಶಿಲ್ಕು ಇಲ್ಲದಿದ್ದರೂ ಖಾತೆಯಿಂದ ಸಾಲವಾಗಿ ತೆಗೆಯುವ ಹಣ, ಕೇಳಬಹುದು.

ತಳ್ಳುಗಾಡಿಯವರು, ಬೀದಿ ಬದಿ ಕೂರುವವರು ಪಾಲಿಕೆಯಿಂದ ವ್ಯಾಪಾರದ ಪ್ರಮಾಣಪತ್ರ ಪಡೆದು ಬೀದಿ ವ್ಯಾಪಾರಿಗಳಿಗಾಗಿಯೇ ಇರುವ ಕೇಂದ್ರ ಸರ್ಕಾರದ ಸ್ವನಿಧಿ ಸಾಲಕ್ಕೆ ಅರ್ಜಿ ಹಾಕಬೇಕು. ಮೊದಲ ಕಂತು 15,000, ತೀರಿಸಿದ ಮೇಲೆ 25,000, ನಂತರ 50,000. ಹೊತ್ತಿಗೆ ಸರಿಯಾಗಿ ಕಟ್ಟಿದರೆ ಬಡ್ಡಿಯಲ್ಲಿ ಶೇ. 7 ಸರ್ಕಾರದ ಸಹಾಯ. ಖಾಸಗಿ ಸಾಲದವರ ತಿಂಗಳಿಗೆ ನೂರಕ್ಕೆ ಐದರ ಬಡ್ಡಿಯನ್ನು ‘ಐದೇ ತಾನೇ’ ಎನ್ನುವವರು ವರ್ಷಕ್ಕೆ ಅದು 60 ಆಗುವುದನ್ನು ಲೆಕ್ಕ ಹಾಕಲಿ. ಗಲ್ಲಿಯ ಭಿಶಿಯನ್ನು (ಚೀಟಿ ಹಣವನ್ನು) ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ, ಮದುವೆ ಮುಂಜಿಗೆ ಅದು ಆಗಿಬರುತ್ತದೆ. ಆದರೆ ಬ್ಯಾಂಕಿಗೆ ಜೋಡಿಸಿದ ಬಚತ್ ಗಟ್‌ನಲ್ಲಿ (ಸ್ವಸಹಾಯ ಗುಂಪಿನಲ್ಲಿ) ಕಟ್ಟಿದ ಹಣಕ್ಕೆ ಬರಹವಿರುತ್ತದೆ, ಗುಂಪಿಗೆ ಬ್ಯಾಂಕಿನ ಸಾಲವೂ ಹುಟ್ಟುತ್ತದೆ.

ಬ್ಯಾಂಕ್ ಕೇಳದಿದ್ದರೆ

ಬಾಯಿಮಾತಿನ ತಕರಾರು ಬಾಯಲ್ಲೇ ಉಳಿಯುತ್ತದೆ. ಶಾಖೆಗೆ ಬರೆದುಕೊಟ್ಟು, ಇನ್ನೊಂದು ಪ್ರತಿಯ ಮೇಲೆ ತಾರೀಖು ಸಮೇತ ಮೊಹರು ಹಾಕಿಸಿಕೊಳ್ಳಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಹಣ ಖರ್ಚಿಲ್ಲ. ದೂರು ಹೇಗೆ ಕೊಡಬೇಕೆಂದು ಕೇಳಲು 14448ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೂ ಮಾತನಾಡುತ್ತಾರೆ. ಹಣವೇ ಕಳವಾಗಿದ್ದರೆ 30 ದಿನ ಕಾಯುವ ಮಾತೇ ಇಲ್ಲ: ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಅದೇ ದಿನ ಶಾಖೆಗೂ ತಿಳಿಸಿ. ಖಾತೆ ಸಂಖ್ಯೆ, ಹಣ ಹೋದ ಹೊತ್ತು, ಮೊತ್ತ ಮತ್ತು ಸಂದೇಶದಲ್ಲಿ ಬಂದ ವ್ಯವಹಾರ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಂಡು ಫೋನ್ ಹಿಡಿಯಿರಿ, ಅವರು ಕೇಳುವುದು ಇವನ್ನೇ.