150 ಮಿಮೀ ಆಳದ ತೂತು ಸೊಟ್ಟ ಹೋಗದ ಹಾಗೆ ನಾನು ಕೊರೆದಿದ್ದು

40 ಮಿಮೀ ಸ್ಟೀಲ್ ಶಾಫ್ಟ್, ನಟ್ಟನಡುವೆ 10 ಮಿಮೀ ತೂತು, 150 ಮಿಮೀ ಉದ್ದಕ್ಕೂ ಆರುಪಾರು ಆಗ್ಬೇಕು. ಲೇತ್‌ಗೆ ಕಟ್ಟಿ ಉದ್ದದ ಡ್ರಿಲ್ ಹಾಕಿ ಸೀದಾ ಕೊರೆದುಬಿಟ್ಟೆ, ಆ ಕಡೆ ಹೋಗಿ ವರ್ನಿಯರ್ ಇಟ್ಟು ನೋಡಿದ್ರೆ ಗೋಡೆ ಒಂದು ಪಕ್ಕ 16.5 ಎದುರು ಪಕ್ಕ 13.5. ಅಂದ್ರೆ ತೂತು 1.5 ಮಿಮೀ ಜರುಗಿದೆ (ವ್ಯತ್ಯಾಸದಲ್ಲಿ ಅರ್ಧ ತಗೋಬೇಕು, ಪೂರ್ತಿ 3 ಅಲ್ಲ). ಶಾಫ್ಟ್ ಗುಜರಿಗೆ.

ಆಳ ವ್ಯಾಸದ 10 ಪಟ್ಟು ದಾಟಿದ್ರೆ ಮಾಮೂಲಿ ಡ್ರಿಲ್ ನೆಚ್ಚಿಕೊಳ್ಳೋ ಹಾಗಿಲ್ಲ, ಉದ್ದದ ಬಿಟ್ ಬಾಗುತ್ತೆ, ಬಾಯಲ್ಲಿ ಕೂದಲೆಳೆ ಓರೆ ಆದ್ರೂ ಒಳಗೆ ಹೋಗ್ತಾ ಹೋಗ್ತಾ ಬೆಳೆಯುತ್ತೆ, ಆಮೇಲೆ ರೀಮರ್ (ಕೊರೆದ ತೂತನ್ನ ಸರಿಯಾದ ಸೈಜ್‌ಗೆ ನುಣ್ಣಗೆ ಮಾಡೋ ಟೂಲ್) ಹಾಕಿದ್ರೆ ಸೈಜ್ ಸಿಗುತ್ತೆ ಅಷ್ಟೇ, ಅದು ಸೊಟ್ಟ ತೂತಿನ ಹಿಂದೇನೇ ಹೋಗುತ್ತೆ.

ಎರಡನೇ ಸಲ ಮೊದಲು ಟೇಲ್‌ಸ್ಟಾಕ್‌ಗೆ (ಲೇತ್‌ನಲ್ಲಿ ಡ್ರಿಲ್ ಹಿಡಿಯೋ ಹಿಂದಿನ ಭಾಗ) ಡಯಲ್ ಗೇಜ್ ಹಚ್ಚಿ ನೋಡಿದೆ, ನಡುವಿಂದ 0.2 ಔಟ್ ಇತ್ತು, ಸರಿ ಮಾಡಿದೆ. ಗಿಡ್ಡ 9 ಮಿಮೀ ಬಿಟ್‌ನಲ್ಲಿ ಶುರು ಮಾಡಿ ಆಮೇಲೆ ಉದ್ದದ್ದು, 500 ಆರ್‌ಪಿಎಂ, 5 ಮಿಮೀ ಹೋದ್ರೆ ಪೂರ್ತಿ ಹೊರಗೆ ತೆಗೆದು ಚಿಪ್ಸ್ ಒರೆಸಿ ಆಯಿಲ್ ಹಾಕಿ ಮತ್ತೆ ಒಳಗೆ. ಫ್ಲೂಟ್ (ಬಿಟ್ ಮೈಮೇಲಿನ ಸುರುಳಿ ಗಾಡಿ) ಪೂರ್ತಿ ತೂತೊಳಗೆ ಮುಳುಗೋಕೆ ಬಿಡಲೇಬೇಡಿ, ಚಿಪ್ಸ್ ಹೊರಗೆ ಬರೋಕೆ ದಾರಿ ಇಲ್ದೆ ಬಿಟ್ ಕಚ್ಕೊಂಡು ಮುರಿಯುತ್ತೆ.

ನಿಜವಾದ ಕೆಲಸ ಮಾಡಿದ್ದು ಡಿ-ಬಿಟ್, ಅಂದ್ರೆ ತುದಿ D ಆಕಾರಕ್ಕೆ ಅರ್ಧ ಉಜ್ಜಿದ ರಾಡ್. 10 ಮಿಮೀ ಸಿಲ್ವರ್ ಸ್ಟೀಲ್ (ಕಾಯಿಸಿ ಅದ್ದಿದ್ರೆ ಗಟ್ಟಿಯಾಗೋ ಟೂಲ್ ಸ್ಟೀಲ್) ರಾಡ್ ತಗೊಂಡು ತುದಿಯ 40 ಮಿಮೀನ ಅರ್ಧ ದಪ್ಪಕ್ಕೆ ಉಜ್ಜಿದೆ, ಅರ್ಧಕ್ಕಿಂತ ಒಂಚೂರು ಜಾಸ್ತೀನೇ ಉಳಿಸಿದೆ, ಯಾಕಂದ್ರೆ ಕಮ್ಮಿ ಆದ್ರೆ ಆಧಾರ ತಪ್ಪುತ್ತೆ. ಮುಂದಿನ ಅಂಚಿಗೆ ಸ್ವಲ್ಪ ಕ್ಲಿಯರೆನ್ಸ್ (ಅಂಚಿನ ಹಿಂಭಾಗ ಉಜ್ಜದ ಹಾಗೆ ಓರೆ) ಕೊಟ್ಟು, ಕೆಂಪಗೆ ಕಾಯಿಸಿ ಅದ್ದಿ, ತಿಳಿ ಹಳದಿ ಬಣ್ಣ ಬರೋವರೆಗೂ ಮತ್ತೆ ಹದವಾಗಿ ಕಾಯಿಸಿ ಟೆಂಪರ್ ಮಾಡಿದೆ. ಇದರ ಗುಂಡನೆ ಬೆನ್ನು ತೂತಿನ ಗೋಡೆಗೆ ಒರಗಿಕೊಂಡೇ ಕಟ್ ಆಗುತ್ತೆ, ಹಾಗಾಗಿ ಬಾಯಿ ನೇರ ಇದ್ರೆ ಮುಂದಕ್ಕೂ ನೇರ ಹೋಗುತ್ತೆ. ಗನ್ ಡ್ರಿಲ್ (ಆಳದ ತೂತಿಗೇ ಮಾಡಿದ ಡ್ರಿಲ್) ಲೆಕ್ಕಾನೂ ಇದೇ, ಅದರಲ್ಲಿ ಪ್ರೆಶರ್ ಕೂಲೆಂಟ್ ಒಳಗಿಂದ ಬಂದು ಚಿಪ್ಸ್ ತಾನೇ ತಳ್ಳುತ್ತೆ, ನಮಗೆ ಕೈಯಲ್ಲೇ ತೆಗೀಬೇಕು.

ಹಾಗಾಗಿ 9ರ ತೂತಿನ ಬಾಯಿ ಮಾತ್ರ, 12 ಮಿಮೀ ಆಳಕ್ಕೆ, ಬೋರಿಂಗ್ ಟೂಲ್‌ನಲ್ಲಿ ಡಿ-ಬಿಟ್ ಬಿಗಿಯಾಗಿ ಜಾರೋ ಹಾಗೆ 10ಕ್ಕೆ ತಂದೆ. ಇದಕ್ಕೇ ಅರ್ಧ ಗಂಟೆ ಹೋಯ್ತು, ಹೋಗ್ಲಿ, ಅವಸರ ಮಾಡೋ ಜಾಗ ಇದಲ್ಲ. ಆಮೇಲೆ 150 ಆರ್‌ಪಿಎಂ, 3 ಮಿಮೀಗೊಮ್ಮೆ ಹೊರಗೆ. 9ರ ತೂತು ಒಳಗೆ 0.3ರಷ್ಟು ಜರುಗಿತ್ತು, ಸುತ್ತ 0.5 ಮೆಟಲ್ ಬಿಟ್ಟಿದ್ದಕ್ಕೆ ಅದು ಪೂರ್ತಿ ಕ್ಲೀನ್ ಆಯ್ತು.

ಕೊನೇಲಿ ಗೋಡೆ ದಪ್ಪದ ವ್ಯತ್ಯಾಸ 0.1, ಅಂದ್ರೆ 0.05 ಔಟ್. 120 ಮಿಮೀ ಹತ್ರ ಒಂದು ಗೀರು ಇದೆ, ಅಲ್ಲಿ ಒಂದ್ಸಲ ಹೊರಗೆ ತೆಗೀದೆ 6 ಮಿಮೀ ತಳ್ಳಿದ್ದೆ.