ತಲಪಾಡಿಯ ಆಚೆಯೋ ಈಚೆಯೋ? ಅರ್ಜಿ ಹಾಕುವ ಮೊದಲು ಕಾಲೇಜು ನೋಡಿ ಬರುವುದು ಹೀಗೆ

ಕಾಸರಗೋಡಿನ ಕನ್ನಡದ ಮನೆಯಲ್ಲಿ ಪ್ಲಸ್ ಟು ಓದುವ ಮಗುವಿದ್ದರೆ ಎರಡು ಪ್ರಶ್ನೆ ಒಟ್ಟಿಗೇ ಬರುತ್ತವೆ. ಮುಂದೆ ಏನು ಓದುವುದು? ಕೇರಳ–ಕರ್ನಾಟಕ ಗಡಿಯ ತಲಪಾಡಿಯ ಆಚೆ ಓದುವುದೋ, ಈಚೆಯೋ? ಎರಡಕ್ಕೂ ಉತ್ತರ ಕೊಡಲು ನೆಂಟರು, ಟ್ಯೂಷನ್ ಮಾಷ್ಟ್ರು, ಪಕ್ಕದ ಮನೆಯವರು ಎಲ್ಲರೂ ತಯಾರಿರುತ್ತಾರೆ. ಆದರೆ ದಿನಾ ಬೆಳಗ್ಗೆ ಎದ್ದು ಹೋಗಬೇಕಾದ ಮಗು ಮಾತ್ರ ಕಾಲೇಜಿನ ಗೇಟನ್ನು ಅಡ್ಮಿಷನ್ ದಿನವೇ ಮೊದಲ ಸಲ ನೋಡುತ್ತದೆ. ಅದಕ್ಕೂ ಮೊದಲೇ ಒಮ್ಮೆ ಹೋಗಿ ಬನ್ನಿ. ಹೋಗುವುದಾದರೆ ಪಾಠ ನಡೆಯುವ ಮಾಮೂಲಿ ದಿನ ಹೋಗಿ. ಮಗು ನಾಳೆ ಹೇಗೆ ಹೋಗಲಿದೆಯೋ ಹಾಗೆಯೇ ಹೋಗಿ.

ಮೊದಲು ಪಟ್ಟಿ

ನಾಲ್ಕು ಕಾಲೇಜಿಗಿಂತ ಜಾಸ್ತಿ ಬೇಡ. ಅದರಲ್ಲಿ ಒಂದಾದರೂ ಮನೆಯ ಹತ್ತಿರದ್ದು ಇರಲಿ. ವಿದ್ಯಾನಗರದಲ್ಲಿ ಸರಕಾರಿ ಕಾಲೇಜಿದೆ. ಮಂಜೇಶ್ವರದಲ್ಲಿ ಗೋವಿಂದ ಪೈ ಸ್ಮಾರಕ ಸರಕಾರಿ ಕಾಲೇಜಿದೆ. ಕಾಞಂಗಾಡಿನಲ್ಲಿ ನೆಹರೂ ಕಾಲೇಜು, ಇಂಜಿನಿಯರಿಂಗ್‌ಗೆ ಪೊವ್ವಲ್‌ನ ಎಲ್‌ಬಿಎಸ್. ಗಡಿ ದಾಟಿದರೆ ಮಂಗಳೂರಿನ ಕಾಲೇಜುಗಳು, ಬದಿಯಡ್ಕ–ಪೆರ್ಲ ಕಡೆಯವರಿಗೆ ಪುತ್ತೂರು, ಮುಳ್ಳೇರಿಯದವರಿಗೆ ಸುಳ್ಯ. ಹತ್ತಿರದ ಕಾಲೇಜನ್ನು "ಅದು ಇದ್ದೇ ಇದೆಯಲ್ಲ" ಎಂದು ನೋಡದೆ ಬಿಡುವವರೇ ಹೆಚ್ಚು. ಸೀಟು ಬೇರೆಲ್ಲೂ ಸಿಗದೆ ಕೊನೆಗೆ ಅಲ್ಲಿಗೇ ಬಂದರೆ, ಬೇಸರದಲ್ಲೇ ಬಂದಂತಾಗುತ್ತದೆ. ಅದನ್ನೂ ಸರಿಯಾಗಿ ನೋಡಿ.

ಕೋರ್ಸಿನ ಅವಧಿಯನ್ನೂ ಪಟ್ಟಿಯಲ್ಲೇ ಬರೆದುಕೊಳ್ಳಿ. ಕಣ್ಣೂರು ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ 2024ರಿಂದ ನಾಲ್ಕು ವರ್ಷದ ಪದವಿ ಬಂದಿದೆ. ಮೂರು ವರ್ಷಕ್ಕೆ ಪದವಿ ತೆಗೆದುಕೊಂಡು ಹೊರಡಲೂಬಹುದು, ನಾಲ್ಕನೇ ವರ್ಷ ಓದಿ ಆನರ್ಸ್ ಮಾಡಲೂಬಹುದು. ಕರ್ನಾಟಕ ಸರಕಾರ ಅದೇ ವರ್ಷ ನಾಲ್ಕರಿಂದ ಮೂರಕ್ಕೆ ಮರಳಿತು. ಹಾಗಾಗಿ ಎರಡೂ ಕಡೆಯ ಬಿಎಸ್ಸಿಯ ಒಳಗಿನ ಲೆಕ್ಕಾಚಾರ ಬೇರೆ ಬೇರೆ.

ಯಾವಾಗ ಹೋಗುವುದು?

ನಮ್ಮವರು ಎಡವುವುದು ಇಲ್ಲೇ. ಫಲಿತಾಂಶ ಬರಲಿ, ಆಮೇಲೆ ನೋಡೋಣ ಎನ್ನುತ್ತಾರೆ. 2025ರಲ್ಲಿ ಕರ್ನಾಟಕದ ದ್ವಿತೀಯ ಪಿಯುಸಿ ಫಲಿತಾಂಶ ಏಪ್ರಿಲ್ 8ಕ್ಕೆ ಬಂತು. ಕೇರಳದ ಪ್ಲಸ್ ಟು ಫಲಿತಾಂಶ ಬಂದದ್ದು ಮೇ 22ಕ್ಕೆ. ಅಂದರೆ ನಮ್ಮ ಮಕ್ಕಳ ಕೈಗೆ ಅಂಕಪಟ್ಟಿ ಬರುವ ಹೊತ್ತಿಗೆ ಮಂಗಳೂರಿನ ಬೇಡಿಕೆಯ ಕೋರ್ಸುಗಳಲ್ಲಿ ಸೀಟು ತುಂಬುತ್ತಾ ಬಂದಿರುತ್ತದೆ. ಆ ಗಡಿಬಿಡಿಯಲ್ಲಿ ಕಾಲೇಜು ನೋಡಲು ಹೊರಟರೆ ಕಾಣುವುದು ಆಫೀಸಿನ ಎದುರಿನ ಕ್ಯೂ ಮಾತ್ರ.

ಗಡಿಯಲ್ಲಿರುವುದರ ಒಂದು ಲಾಭವನ್ನು ಇಲ್ಲಿ ಪಡೆಯಬಹುದು. ಓಣಂಗೆ ಕೇರಳದ ಶಾಲೆಗಳಿಗೆ ಹತ್ತು ದಿನದಷ್ಟು ರಜೆ. ಆ ದಿನಗಳಲ್ಲಿ ಮಂಗಳೂರು, ಪುತ್ತೂರಿನ ಕಾಲೇಜುಗಳಲ್ಲಿ ಪಾಠ ನಡೆಯುತ್ತಿರುತ್ತದೆ. ಇಲ್ಲಿನ ಪ್ಲಸ್ ಟುವಿಗೆ ಶನಿವಾರವೂ ರಜೆ, ಅಲ್ಲಿನ ಎಷ್ಟೋ ಕಾಲೇಜು ಶನಿವಾರ ಅರ್ಧ ದಿನ ಇರುತ್ತವೆ. ಮೊದಲು ಒಂದು ಫೋನ್ ಮಾಡಿ, "ಮಗಳಿಗೆ ಕಾಲೇಜು ನೋಡಬೇಕಿತ್ತು, ಯಾವತ್ತು ಬಂದರೆ ಆದೀತು?" ಎಂದು ಕೇಳಿ. ಬೇಡ ಎನ್ನುವವರು ಕಮ್ಮಿ. ಪರೀಕ್ಷೆ ನಡೆಯುವ ದಿನ, ಕಾಲೇಜು ಡೇ, ಚುನಾವಣೆಯ ದಿನ ಬೇಡ.

ಬಸ್ಸಿನಲ್ಲೇ ಹೋಗಿ

ಮನೆಯಲ್ಲಿ ಕಾರಿದ್ದರೂ ಆವತ್ತು ತೆಗೆಯಬೇಡಿ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಕಾರಿನಲ್ಲಿ ಅದು ಏನೂ ಅಲ್ಲ. ಒಂಬತ್ತು ಗಂಟೆಯ ಕ್ಲಾಸಿಗೆ ಕುಂಬಳೆಯಲ್ಲೋ ಉಪ್ಪಳದಲ್ಲೋ ರೈಲು ಹತ್ತಿ, ಮಂಗಳೂರು ಸೆಂಟ್ರಲ್‌ನಲ್ಲಿ ಇಳಿದು ನಡೆಯುವುದು ಬೇರೆಯೇ ಸಂಗತಿ. ಹಂಪನಕಟ್ಟೆಯ ಕಾಲೇಜಾದರೆ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಕೊಣಾಜೆಯಾದರೆ ಬಸ್ಸಿನಲ್ಲಿ ಬಂದು ತೊಕ್ಕೊಟ್ಟಿನಲ್ಲಿ ಇಳಿದು ಇನ್ನೊಂದು ಬಸ್ಸು. ಸುರತ್ಕಲ್ ಅಂದರೆ ಮಂಗಳೂರು ದಾಟಿ ಮತ್ತೂ ಮುಂದೆ. ಮನೆಯಿಂದ ಮುಖ್ಯರಸ್ತೆಗೆ ಬರುವ ಮೊದಲ ಬಸ್ಸು ಎಷ್ಟು ಗಂಟೆಗೆ, ಸಂಜೆ ಕೊನೆಯದು ಎಷ್ಟಕ್ಕೆ ಎಂದು ಬರೆದುಕೊಳ್ಳಿ. ಪ್ರಾಕ್ಟಿಕಲ್ ಮುಗಿದು ಐದು ಗಂಟೆಗೆ ಹೊರಟರೆ ಎಣ್ಮಕಜೆಯ ಒಳಗಿನ ಮನೆಗೆ ಎಷ್ಟಕ್ಕೆ ತಲಪುತ್ತಾಳೆ? ಜುಲೈಯ ಮಳೆಯಲ್ಲಿ? ಈ ಲೆಕ್ಕದಲ್ಲೇ ಕೆಲವು ಕಾಲೇಜು ತಾನಾಗಿ ಪಟ್ಟಿಯಿಂದ ಹೊರಗೆ ಹೋಗುತ್ತದೆ. ಇಲ್ಲವೇ ಹಾಸ್ಟೆಲ್ ವಿಷಯ ಎದ್ದು ಬರುತ್ತದೆ.

ಖರ್ಚಿನ ಮಾತು. ರೈಲ್ವೆಯಲ್ಲಿ ಹೆಣ್ಣುಮಕ್ಕಳಿಗೆ ಪದವಿ ಮುಗಿಯುವವರೆಗೆ ಮನೆಯಿಂದ ಕಾಲೇಜಿಗೆ ಎರಡನೇ ದರ್ಜೆಯ ಸೀಸನ್ ಟಿಕೆಟ್ ಉಚಿತ. ಗಂಡುಮಕ್ಕಳಿಗೆ ಹನ್ನೆರಡನೇ ತರಗತಿವರೆಗೆ ಉಚಿತ, ಆಮೇಲೆ ವಿದ್ಯಾರ್ಥಿ ರಿಯಾಯಿತಿ. ಕಾಲೇಜಿನಿಂದ ಕಾಗದ ಬೇಕು. ಆಫೀಸಿನಲ್ಲಿ ಅದನ್ನು ಯಾರು ಕೊಡುತ್ತಾರೆ ಎಂದು ಕೇಳಿಕೊಂಡೇ ಬನ್ನಿ. ಬಸ್ಸಿನಲ್ಲಿ ಗಡಿ ದಾಟಿದ ಮೇಲೆ ಕನ್ಸೆಷನ್ ನಡೆಯುತ್ತದೋ ಇಲ್ಲವೋ ಎಂಬುದನ್ನು ಕಂಡಕ್ಟರನ್ನೇ ಕೇಳಬೇಕು.

ಒಳಗೆ ಹೋದ ಮೇಲೆ

ಆಫೀಸಿನ ಕಿಟಕಿಯಲ್ಲಿ ಸಾಮಾನ್ಯವಾಗಿ ನಡೆಯುವುದು ಇದು. "ಮಗಳಿಗಾ? ಎಷ್ಟು ಪರ್ಸೆಂಟ್?" ಎಂದು ಗುಮಾಸ್ತರು ಕೇಳುತ್ತಾರೆ, ಅಪ್ಪ ಉತ್ತರ ಹೇಳುತ್ತಾರೆ. ಮಗಳು ಹಿಂದೆ ನಿಂತು ಮೊಬೈಲ್ ನೋಡುತ್ತಾಳೆ. ಅವಳ ಕಾಲೇಜು, ಅಲ್ವಾ? ಪ್ರಶ್ನೆಗಳನ್ನು ಹಿಂದಿನ ರಾತ್ರಿ ಅವಳೇ ಒಂದು ಹಾಳೆಯಲ್ಲಿ ಬರೆಯಲಿ, ಅವಳೇ ಕೇಳಲಿ. ಫೀಸಿನದ್ದು ಮಾತ್ರ ನೀವು ಕೇಳಿ. ಟ್ಯೂಷನ್ ಫೀಸಿನ ಜತೆಗೆ ಪರೀಕ್ಷೆ, ಲ್ಯಾಬ್, ಯೂನಿಫಾರ್ಮ್, "ಇತರೆ" ಎಂದು ಏನೇನಿದೆ ಎನ್ನುವುದು ಬರವಣಿಗೆಯಲ್ಲಿ ಬೇಕು. ಮೊದಲ ವರ್ಷದ್ದು ಮಾತ್ರ ಸಾಲದು, ಕೊನೆಯ ವರ್ಷದವರೆಗಿನದ್ದು ಕೇಳಿ.

ಆಮೇಲೆ ಆಫೀಸಿನಿಂದ ದೂರ ಬನ್ನಿ. ನನ್ನ ಮಟ್ಟಿಗೆ ಕಾಲೇಜಿನ ಬಗ್ಗೆ ನಿಜ ಹೇಳುವುದು ನೋಟೀಸ್ ಬೋರ್ಡು. ಹೊಳಪು ಪುಸ್ತಿಕೆಯಲ್ಲಿ ರ‍್ಯಾಂಕು ಬಂದವರ ಫೋಟೋ ಇರುತ್ತದೆ, ಬೋರ್ಡಿನಲ್ಲಿ ಹಾಜರಿ ಕಮ್ಮಿ ಇದ್ದವರ ಪಟ್ಟಿ ಇರುತ್ತದೆ. ವಿಭಾಗದ ಬಾಗಿಲ ಪಕ್ಕದ ಟೈಮ್‌ಟೇಬಲನ್ನು ನಿಧಾನವಾಗಿ ಓದಿ. ಒಂದು ಪೇಪರಿನ ಎದುರು ಅಧ್ಯಾಪಕರ ಹೆಸರಿನ ಜಾಗ ಖಾಲಿ ಇದ್ದರೆ, ಅಥವಾ "ಗೆಸ್ಟ್" ಎಂದಷ್ಟೇ ಇದ್ದರೆ, ಆ ಹುದ್ದೆ ಎಷ್ಟು ಸಮಯದಿಂದ ಖಾಲಿ ಎಂದು ಅಲ್ಲಿನ ಮಕ್ಕಳನ್ನು ವಿಚಾರಿಸಿ. ಗೆಸ್ಟ್ ಅಧ್ಯಾಪಕರು ಚೆನ್ನಾಗಿ ಪಾಠ ಮಾಡುವುದಿಲ್ಲ ಎಂದಲ್ಲ. ವರ್ಷದ ನಡುವೆ ಅವರು ಬದಲಾದರೆ ಕಷ್ಟವಾಗುವುದು ಮಕ್ಕಳಿಗೆ.

ಲ್ಯಾಬಿನಲ್ಲಿ ಮೈಕ್ರೋಸ್ಕೋಪಿನ ಮೇಲಿನ ಪ್ಲಾಸ್ಟಿಕ್ ಹೊದಿಕೆ ನೋಡಿ. ದೂಳು ಅಂಟಿ ಹಳದಿಯಾಗಿದ್ದರೆ ಅದನ್ನು ತೆಗೆದು ಬಹಳ ದಿನವಾಗಿದೆ. ಲೈಬ್ರರಿಯಲ್ಲಿ ಕಪಾಟು ಎಷ್ಟಿದೆ ಎಂದು ಎಣಿಸಬೇಡಿ, ಮಧ್ಯಾಹ್ನ ಅಲ್ಲಿ ಕೂತವರು ಎಷ್ಟು ಎಂದು ನೋಡಿ. ಶೌಚಾಲಯಕ್ಕೆ ಒಮ್ಮೆ ಹೋಗಿ ಬರಲಿ, ಅದರಲ್ಲೂ ಹೆಣ್ಣುಮಕ್ಕಳು. ನೀರು ಬರುತ್ತದೋ ಇಲ್ಲವೋ ಎಂಬುದು ಯಾವ ವೆಬ್‌ಸೈಟಿನಲ್ಲೂ ಇರುವುದಿಲ್ಲ.

ಒಂದು ಗಂಟೆಗೆ ಕ್ಯಾಂಟೀನಿಗೆ ಹೋಗಿ. ಮಗು ಒಂದು ಮೇಜಿನಲ್ಲಿ ಕೂರಲಿ, ನೀವು ಬೇರೆ ಮೇಜಿಗೆ ಹೋಗಿ. ಅಪ್ಪ ಅಮ್ಮ ಪಕ್ಕದಲ್ಲಿದ್ದರೆ ಸೀನಿಯರ್‌ಗಳು "ಎಲ್ಲ ಚೆನ್ನಾಗಿದೆ ಅಂಕಲ್" ಎಂದಷ್ಟೇ ಹೇಳುತ್ತಾರೆ. ಇಲ್ಲದಿದ್ದರೆ ಯಾವ ಸರ್ ಪಾಠ ಅರ್ಥವಾಗುತ್ತದೆ, ಇಂಟರ್ನಲ್ ಮಾರ್ಕು ಹೇಗೆ ಕೊಡುತ್ತಾರೆ, ರ‍್ಯಾಗಿಂಗ್ ಉಂಟಾ ಎಲ್ಲ ಹೊರಗೆ ಬರುತ್ತದೆ. ರ‍್ಯಾಗಿಂಗ್ ವಿರುದ್ಧದ ಯುಜಿಸಿಯ ಉಚಿತ ಸಹಾಯವಾಣಿ 1800-180-5522. ಕಾಲೇಜಿನಲ್ಲಿ ಇದನ್ನು ಕಾಣುವಂತೆ ಹಾಕಿದ್ದಾರೋ ಎಂದೂ ನೋಡಿಕೊಳ್ಳಿ.

ಭಾಷೆಯ ಪ್ರಶ್ನೆ

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಗುವಾದರೆ ಇದು ದೊಡ್ಡದು. ಮಂಗಳೂರಿನಲ್ಲಿ ಪಾಠ ಇಂಗ್ಲಿಷಿನಲ್ಲಿ, ವರಾಂಡದಲ್ಲಿ ತುಳು. ಕುಂಬಳೆಯ ಮಗುವಿಗೆ ವರಾಂಡದ್ದು ಕಷ್ಟವಿಲ್ಲ. ಪಯ್ಯನ್ನೂರು, ಕಣ್ಣೂರಿನ ಕಡೆ ಹೋದರೆ ಪಾಠದ ನಡುವೆ ವಿವರಣೆ ಮಲಯಾಳಕ್ಕೆ ಜಾರುತ್ತದೆ. ಸಾಧ್ಯವಾದರೆ ಅನುಮತಿ ಕೇಳಿ ಹಿಂದಿನ ಬೆಂಚಿನಲ್ಲಿ ಒಂದು ಪೀರಿಯಡ್ ಕೂರಲಿ. ಕೇರಳದ ಕಾಲೇಜಿನಲ್ಲಿ ಕೇಳಬೇಕಾದ್ದು ಮೂರು: ಎರಡನೇ ಭಾಷೆಯಾಗಿ ಕನ್ನಡ ಇದೆಯಾ, ಉತ್ತರ ಪತ್ರಿಕೆಯನ್ನು ಕನ್ನಡದಲ್ಲಿ ಬರೆಯಬಹುದಾ, ಭಾಷಾ ಅಲ್ಪಸಂಖ್ಯಾತರಿಗೆ ಸೀಟು ಮೀಸಲಿದೆಯಾ. ಕನ್ನಡವನ್ನೇ ಮುಖ್ಯ ವಿಷಯವಾಗಿ ಓದುವ ಆಸೆಯಿದ್ದರೆ ಕಾಸರಗೋಡು ಸರಕಾರಿ ಕಾಲೇಜಿನ ಕನ್ನಡ ವಿಭಾಗಕ್ಕೆ ಹೋಗಿ ಮಾತಾಡಿ. ಎಂಎಗೆ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಕನ್ನಡ ಇದೆ.

ಗಡಿಯ ಕಾಗದಪತ್ರ

ಕರ್ನಾಟಕದ ಸಿಇಟಿಯಲ್ಲಿ ಗಡಿನಾಡು, ಹೊರನಾಡು ಕನ್ನಡಿಗರಿಗೆ ಅವಕಾಶವಿದೆ. ಅವರಿಗೆ ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರವೇ (ಕೆಇಎ) ಕನ್ನಡ ಭಾಷಾ ಪರೀಕ್ಷೆ ನಡೆಸುತ್ತದೆ. ಅರ್ಜಿ ತುಂಬುವಾಗಲೇ ಅದನ್ನು ಗುರುತು ಮಾಡಬೇಕು, ಆಮೇಲೆ ನೆನಪಾದರೆ ಪ್ರಯೋಜನವಿಲ್ಲ. ಸಿಇಟಿ ಇಲ್ಲದ ಬಿಎ, ಬಿಕಾಂ, ಬಿಎಸ್ಸಿಗೆ ಹೊರರಾಜ್ಯದ ಬೋರ್ಡಿನವರು ಮೈಗ್ರೇಷನ್ ಸರ್ಟಿಫಿಕೇಟ್, ಎಲಿಜಿಬಿಲಿಟಿ ಎಂದು ಏನೇನು ಕೊಡಬೇಕು ಎಂದು ಆಯಾ ಕಾಲೇಜಿನಲ್ಲೇ ಪಟ್ಟಿ ಮಾಡಿಸಿಕೊಳ್ಳಿ.

ಜಾತಿ ಮೀಸಲಾತಿ ಗಡಿ ದಾಟುವುದಿಲ್ಲ. ಕೇರಳದ ಪಟ್ಟಿ ಬೇರೆ, ಕರ್ನಾಟಕದ್ದು ಬೇರೆ. ಇಲ್ಲಿ ಸಿಗುವ ಸ್ಕಾಲರ್‌ಶಿಪ್ ಅಲ್ಲಿಯೂ ಸಿಗುತ್ತದೆ ಎಂದು ಫೀಸಿನ ಲೆಕ್ಕ ಹಾಕಬೇಡಿ, ಮೊದಲು ವಿಚಾರಿಸಿ. ಮುಂದೆ ಸರಕಾರಿ ಕೆಲಸಕ್ಕೆ ಕೇರಳ ಪಿಎಸ್‌ಸಿ ಪರೀಕ್ಷೆ ಬರೆಯುವ ಯೋಚನೆ ಇದ್ದರೆ ಇನ್ನೊಂದು ವಿಷಯ. ಹೊರರಾಜ್ಯದ ಪದವಿಗೆ ಈಕ್ವಿವೆಲೆನ್ಸಿ ಸರ್ಟಿಫಿಕೇಟ್, ಅಂದರೆ ಅದು ಇಲ್ಲಿನ ಪದವಿಗೆ ಸಮ ಎಂಬ ಪತ್ರ, ಕೇಳುವುದುಂಟು. ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್ ಆಗಬೇಕು ಎನ್ನುವವರಂತೂ ಪದವಿಯ ವಿಷಯದ ಹೆಸರು ಕೂಡ ಇಲ್ಲಿನ ನಿಯಮಕ್ಕೆ ಹೊಂದುತ್ತದೋ ಎಂದು ಸೇರುವ ಮೊದಲೇ ನೋಡಬೇಕು. ಕಾಲೇಜಿನವರು ಇದನ್ನು ತಾವಾಗಿ ಹೇಳುವುದಿಲ್ಲ. ಅವರ ತಪ್ಪೂ ಅಲ್ಲ, ಅವರಿಗೆ ಕೇರಳದ ಪಿಎಸ್‌ಸಿ ಗೊತ್ತಿರಬೇಕೆಂದಿಲ್ಲ.

ಹಾಸ್ಟೆಲ್

ತೋರಿಸುವ ಕೋಣೆ ಯಾವಾಗಲೂ ಚೆನ್ನಾಗಿಯೇ ಇರುತ್ತದೆ. ಮೆಸ್ಸಿನ ಊಟ ಒಮ್ಮೆ ದುಡ್ಡು ಕೊಟ್ಟು ಉಣ್ಣಿ. ಖಾಸಗಿ ಪಿಜಿಯಾದರೆ ರಾತ್ರಿ ಗೇಟು ಹಾಕುವ ಸಮಯ, ಅಡ್ವಾನ್ಸ್ ವಾಪಸ್ ಸಿಗುವ ಷರತ್ತು ಎರಡೂ ಬರೆಸಿಕೊಳ್ಳಿ.

ಮನೆಗೆ ಬಂದು

ಬರುವ ದಾರಿಯಲ್ಲಿ "ಹೇಗಿತ್ತು?" ಎಂದು ಕೇಳದೆ ಇರುವುದು ಕಷ್ಟ. ಆದರೂ ಸುಮ್ನೆ ಇರಿ. ಎಲ್ಲ ಕಾಲೇಜು ನೋಡಿ ಆದ ಮೇಲೆ ಮಗುವೂ ನೀವೂ ಬೇರೆ ಬೇರೆ ಹಾಳೆಯಲ್ಲಿ ಒಂದು, ಎರಡು, ಮೂರು ಎಂದು ಬರೆಯಿರಿ, ಆಮೇಲೆ ಎದುರುಬದುರು ಇಡಿ. ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಮಾತು ಶುರುವಾಗಲಿ.

ಅರ್ಜಿ ಎರಡೂ ಕಡೆಗೆ ಹಾಕಿ. ಮಂಗಳೂರಿನಲ್ಲಿ ಸೀಟು ಸಿಕ್ಕಿತೆಂದು ಕಣ್ಣೂರು ವಿಶ್ವವಿದ್ಯಾಲಯದ ಅಲಾಟ್‌ಮೆಂಟ್ ಅರ್ಜಿಯನ್ನು ಬಿಡಬೇಡಿ. ಆನ್‌ಲೈನ್ ಅರ್ಜಿ ತುಂಬಿಕೊಡುವ ಅಕ್ಷಯ ಕೇಂದ್ರದಲ್ಲಿ ಹಾಕಿಸುವುದಾದರೆ ಆಯ್ಕೆಯ ಕ್ರಮವನ್ನು ಮಗುವೇ ಸ್ಕ್ರೀನಿನಲ್ಲಿ ನೋಡಿ ಸರಿ ಎನ್ನಲಿ, ಪ್ರಿಂಟ್ ತೆಗೆದಿಟ್ಟುಕೊಳ್ಳಲಿ. ಮೊದಲು ಒಂದು ಕಡೆ ಸೇರಿ ಆಮೇಲೆ ಇನ್ನೊಂದು ಕಡೆ ಸಿಕ್ಕಿದರೆ ಫೀಸು ಎಷ್ಟು ದಿನದೊಳಗೆ ವಾಪಸ್ ಎಂದು ರಸೀದಿ ತೆಗೆದುಕೊಳ್ಳುವಾಗಲೇ ಕೇಳಿ. ಒರಿಜಿನಲ್ ಅಂಕಪಟ್ಟಿಯನ್ನು ತೋರಿಸಿ ವಾಪಸ್ ತನ್ನಿ. ಅದನ್ನು ಕಾಲೇಜು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲೇ ಹೇಳಿದೆ.