ವಿಎಂಗಳಿಗೆ ನೆಟ್ ಇಲ್ಲ: ಸ್ವಿಚ್ ಬದಲಿಸಿ ಕೆಟ್ಟೆ, ಒಂದು ಸಾಲಿನಲ್ಲಿ ಗೆದ್ದೆ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಒಂದು ಓಣಿಯಲ್ಲಿ ನನ್ನ ಲಿನಕ್ಸ್ ಕ್ಲಾಸು. ಹುಡುಗರ ಮುಂದಿರೋದು ಹನ್ನೆರಡು ಮುದಿ ಪಿಸಿ, ಟರ್ಮಿನಲ್ ತೆರೆದರೆ ಅದೇ ಹೆಚ್ಚು. ದುಡಿಯೋದೆಲ್ಲ ಒಂದು ಸೆಕೆಂಡ್‌ಹ್ಯಾಂಡ್ ವರ್ಕ್‌ಸ್ಟೇಷನ್. ಹೈದರಾಬಾದಿನಿಂದ ತರಿಸಿದ್ದು, 64 ಜಿಬಿ ರ‍್ಯಾಮ್ ಸೇರಿ ಮೂವತ್ತೆಂಟು ಸಾವಿರದ ಆಸುಪಾಸು. ಅದರಲ್ಲಿ ಕೆವಿಎಂ (ಒಂದೇ ಯಂತ್ರದೊಳಗೆ ಹಲವು ಕಂಪ್ಯೂಟರ್ ಓಡಿಸೋ ಲಿನಕ್ಸ್ ಸೌಲಭ್ಯ) ಹಾಕಿ ತಲೆಗೊಂದು ವಿಎಂ, ಅಂದರೆ ವರ್ಚುವಲ್ ಮಷಿನ್, ಕೊಟ್ಟಿದ್ದೇನೆ. ಹಾರ್ಡ್‌ವೇರ್ ಅಂಗಡಿಯ ಗೆಳೆಯ ಮೊದಲ ದಿನವೇ ಅಂದಿದ್ದ: "ದೋಸ್ತ, ಒಂದ್ ಡಬ್ಬಿ ಕೆಟ್ರ ಹನ್ನೆರಡೂ ಮಂದಿ ಮನಿಗೆ ಹೋಗ್ತಾರ ನೋಡು."

ಮೊದಲ ಪೆಟ್ಟು ನಾನೇ ತಿಂದದ್ದು. ಕೇಬಲ್ ಎಳೆಸೋ ಖರ್ಚು ಉಳಿಸೋಣ ಅಂತ ವೈಫೈ ಕಾರ್ಡನ್ನೇ ಬ್ರಿಜ್‌ಗೆ (ವಿಎಂಗಳನ್ನು ಹೊರಗಿನ ನೆಟ್‌ವರ್ಕ್‌ಗೆ ಕೂಡಿಸೋ ಸಾಫ್ಟ್‌ವೇರ್ ಸೇತುವೆ) ಸೇರಿಸಲು ಹೊರಟೆ. ಆಕ್ಸೆಸ್ ಪಾಯಿಂಟು (ವೈಫೈ ಡಬ್ಬಿ) ತನ್ನ ಜೊತೆ ಜೋಡಿಸಿಕೊಂಡ ಮ್ಯಾಕ್ (ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ) ಬಿಟ್ಟು ಬೇರೆ ಮ್ಯಾಕ್‌ನ ಫ್ರೇಮ್ (ಡೇಟಾ ತುಣುಕು) ಒಳಗೆ ಬಿಡೋದಿಲ್ಲ. ಗೊತ್ತಿದ್ದೂ ಎರಡು ರಾತ್ರಿ ಕಳೆದೆ. ಕೊನೆಗೆ ಮೂವತ್ತು ಮೀಟರ್ ಕೇಬಲ್, ಕೂಲಿ ಸೇರಿ ಸಾವಿರದ ಮುನ್ನೂರು ಹೋಯ್ತು. ತಂತಿ ಬಂದ ಮೇಲೆ ಬ್ರಿಜ್ ಎದ್ದಿತು. ಎಸ್‌ಟಿಪಿ (ನೆಟ್‌ವರ್ಕ್‌ನಲ್ಲಿ ಡೇಟಾ ಸುತ್ತು ಹಾಕದಂತೆ ಕಾಯೋ ವ್ಯವಸ್ಥೆ) ಮಾತ್ರ ಆಫ್ ಮಾಡ್ರಿ. ಲಿನಕ್ಸ್‌ನಲ್ಲಿ ನೆಟ್ ನೋಡಿಕೊಳ್ಳೋ ನೆಟ್‌ವರ್ಕ್‌ಮ್ಯಾನೇಜರ್ ಅದನ್ನು ಆನ್ ಇಟ್ಟೇ ಬ್ರಿಜ್ ಕಟ್ಟುತ್ತದೆ. ಎರಡು ಹಂತಕ್ಕೆ 15 ಮತ್ತೆ 15, ಮೂವತ್ತು ಸೆಕೆಂಡು ಪೋರ್ಟ್ ಸುಮ್ಮನೆ ಕೂತಿರುತ್ತದೆ, ಅಷ್ಟರಲ್ಲಿ ವಿಎಂ ರೂಟರ್‌ಗೆ ಐಪಿ (ನೆಟ್‌ವರ್ಕ್ ವಿಳಾಸ) ಕೇಳಿ ಕೇಳಿ ಬೇಸತ್ತಿರುತ್ತದೆ.

ಮೂರು ವಾರ ಸುಖವಾಗಿ ನಡೀತು. ಮೇ ತಿಂಗಳ ಒಂದು ಭಾನುವಾರ ಹೊಸ ಬ್ಯಾಚಿಗೆ ಅಂತ ಅದೇ ವರ್ಕ್‌ಸ್ಟೇಷನ್ ಮೇಲೆ ಡಾಕರ್ (ಪ್ರೋಗ್ರಾಮುಗಳನ್ನು ಕಂಟೇನರ್ ಅನ್ನೋ ಬೇರೆಬೇರೆ ಡಬ್ಬಿಯಲ್ಲಿ ಓಡಿಸೋ ಸಾಫ್ಟ್‌ವೇರ್) ಹಾಕಿದೆ. ಅವತ್ತೇ ಸಂಜೆ ಕರೆಂಟ್ ಹೋಯ್ತು, ಯುಪಿಎಸ್ಸೂ ಕೈಕೊಟ್ಟಿತು. ಸೋಮವಾರ ಬೆಳಿಗ್ಗೆ: "ಸರ, ಒಂದಕ್ಕೂ ಐಪಿ ಬರ್ಲತ್ತಿಲ್ರಿ."

ಎಲ್ಲರ ಬೆರಳೂ ಕರೆಂಟಿನ ಕಡೆ. ಗೆಳೆಯ ನೆಟ್‌ವರ್ಕ್ ಸ್ವಿಚ್ (ಕೇಬಲ್‌ಗಳನ್ನೆಲ್ಲ ಕೂಡಿಸೋ ಡಬ್ಬಿ) ಸುಟ್ಟದ ಅಂದ, ಸಾವಿರದ ನಾನೂರೈವತ್ತು ಕೊಟ್ಟು ಹೊಸದು ತಂದೆ. ಇಲ್ಲ. ಕೇಬಲ್ ತುದಿ ಕತ್ತರಿಸಿ ಮತ್ತೆ ಕ್ರಿಂಪ್ ಮಾಡಿದೆ. ಇಲ್ಲ. "ಸುಮ್ನ ವಿಂಡೋಸ್ ಹಾಕಿ ವರ್ಚುವಲ್‌ಬಾಕ್ಸ್ ನಡಸೋ ಮಾರಾಯಾ" ಅಂತ ಉಪದೇಶ ಬೇರೆ. ಹಟಕ್ಕೆ ಬಿದ್ದು ಬ್ರಿಜ್ ಕಿತ್ತು ಮ್ಯಾಕ್‌ವಿಟ್ಯಾಪ್ (ಬ್ರಿಜ್ ಇಲ್ಲದೆ ವಿಎಂ ಅನ್ನು ನೇರ ನೆಟ್‌ವರ್ಕ್ ಕಾರ್ಡಿಗೆ ಕೂಡಿಸೋ ದಾರಿ) ಹಾಕಿ ನೋಡಿದೆ. ತಟ್ಟನೆ ಐಪಿ ಬಂತು! ಆದರೆ ಅದರಲ್ಲಿ ಹೋಸ್ಟ್ (ಅಂದರೆ ವರ್ಕ್‌ಸ್ಟೇಷನ್) ಮತ್ತು ಅದರ ವಿಎಂ ಒಂದಕ್ಕೊಂದು ಮಾತಾಡೋದಿಲ್ಲ, ನನ್ನ ಪ್ಯಾಕೇಜ್ ಮಿರರ್ (ವಿಎಂಗಳು ಸಾಫ್ಟ್‌ವೇರ್ ಇಳಿಸಿಕೊಳ್ಳೋ ನಕಲು ಉಗ್ರಾಣ) ಇರೋದೇ ಹೋಸ್ಟ್ ಮೇಲೆ. ಕೆಲಸಕ್ಕೆ ಬರಲಿಲ್ಲ. ಒಂದಂತೂ ಗೊತ್ತಾಯ್ತು, ತಂತಿ, ಸ್ವಿಚ್, ರೂಟರ್ ಎಲ್ಲ ಗಟ್ಟಿ.

ಬ್ರಿಜ್ ವಾಪಸ್ ಕಟ್ಟಿ ಎರಡು ಟರ್ಮಿನಲ್‌ನಲ್ಲಿ ಟಿಸಿಪಿಡಂಪ್ (ಹಾದುಹೋಗೋ ಪ್ಯಾಕೆಟ್ ತೋರಿಸೋ ಕಮಾಂಡ್) ಹಚ್ಚಿದೆ. ವಿಎಂನ ವಿನೆಟ್0 (ಬ್ರಿಜ್‌ಗೆ ಕೂಡಿದ ಅದರ ತುದಿ) ಮೇಲೆ ಡಿಸ್ಕವರ್ ಪ್ಯಾಕೆಟ್, ಅಂದರೆ ಐಪಿ ಕೇಳೋ ಕೂಗು, ಬರ್ತಾನೇ ಇದೆ. ಹೊರಗಿನ ಕಾರ್ಡ್ ಮೇಲೆ ಒಂದೂ ಇಲ್ಲ. ಒಂದು ವಿಎಂಗೆ ಕೈಯಿಂದ ಐಪಿ ಕೊಟ್ಟೆ. ಎಆರ್‌ಪಿ (ಯಾವ ಐಪಿಗೆ ಯಾವ ಮ್ಯಾಕ್ ಅಂತ ಕೇಳಿ ತಿಳಿಯೋ ವಿಧಾನ) ಪಟ್ಟಿಯಲ್ಲಿ ರೂಟರ್‌ನ ಮ್ಯಾಕ್ ಬಂದು ಕೂತಿದೆ, ಪಿಂಗ್ ಮಾತ್ರ ಹೋಗ್ತಿಲ್ಲ. ಹೋಸ್ಟ್‌ನಿಂದ ವಿಎಂಗೆ ಪಿಂಗ್ ಸರಾಗ. ಎಆರ್‌ಪಿ ದಾಟುತ್ತದೆ, ಐಪಿ ದಾಟೋದಿಲ್ಲ ಅಂದರೆ ಬಾಗಿಲಲ್ಲಿ ಯಾರೋ ಕೂತಿದ್ದಾರೆ. ಐಪಿಟೇಬಲ್ಸ್ (ಲಿನಕ್ಸ್‌ನ ಫೈರ್‌ವಾಲ್ ನಿಯಮಗಳು) ತೆರೆದು ನೋಡಿದೆ: ಫಾರ್ವರ್ಡ್ ಪಾಲಿಸಿ ಡ್ರಾಪ್, ಅಂದರೆ ಬಿಡು ಅಂತ ಹೇಳದ ಹೊರತು ಹಾದುಹೋಗೋದನ್ನೆಲ್ಲ ಬಿಸಾಡು. ಡಾಕರ್ ಮಾಡಿದ ಘನಕಾರ್ಯ. ಬ್ರಿಜ್‌ನ ಪ್ಯಾಕೆಟ್ಟನ್ನೂ ಫೈರ್‌ವಾಲ್‌ಗೆ ಒಪ್ಪಿಸೋ ಬಿಆರ್-ನೆಟ್‌ಫಿಲ್ಟರ್ ಮಾಡ್ಯೂಲ್ ಲೋಡ್ ಆಗಿದ್ದರಿಂದ ಬ್ರಿಜ್‌ನೊಳಗಿನ ಪ್ಯಾಕೆಟ್ಟೂ ಆ ಬಾಗಿಲಿಂದಲೇ ಹೋಗಬೇಕಾಗಿತ್ತು. ಕರೆಂಟ್ ಪಾಪ ಸುಮ್ಮನೆ ಬೈಸಿಕೊಂಡಿತು.

ನಮ್ಮ ನಿಯಮ ಬರೆಯಲು ಡಾಕರ್ ಬಿಟ್ಟಿರೋ ಡಾಕರ್-ಯೂಸರ್ ಚೈನ್‌ನಲ್ಲಿ (ನಿಯಮಗಳ ಪಟ್ಟಿ) ಬಿಆರ್0, ಅಂದರೆ ನನ್ನ ಬ್ರಿಜ್, ಅದರಿಂದ ಅದಕ್ಕೇ ಹೋಗೋದನ್ನು ಬಿಡು ಅಂತ ಒಂದೇ ಸಾಲು ಸೇರಿಸಿದೆ. ಅರ್ಧ ನಿಮಿಷದಲ್ಲಿ ಐಪಿ. ಸಿಸ್‌ಸಿಟಿಎಲ್ (ಕರ್ನಲ್ ಸೆಟ್ಟಿಂಗ್ ಬದಲಿಸೋ ಕಮಾಂಡ್) ಬಳಸಿ ಬ್ರಿಜ್-ಎನ್‌ಎಫ್ ಅನ್ನು 0 ಮಾಡಿ ಬ್ರಿಜ್ ಮೇಲಿನ ಈ ತಪಾಸಣೆ ನಿಲ್ಲಿಸಿದರೂ ನಡೀತದೆ, ಆದರೆ ಕಂಟೇನರ್‌ಗಳ ನಡುವಿನ ತಡೆಯೂ ಸಡಿಲಾಗ್ತದೆ ಅಂತ ನಾನು ಮುಟ್ಟಿಲ್ಲ. ರೀಬೂಟ್ ಆದರೂ ಸಾಲು ಉಳಿಯೋ ಹಾಗೆ ಒಂದು ಸಿಸ್ಟಂಡಿ ಯೂನಿಟ್ (ಬೂಟ್ ಆದಾಗ ತಾನೇ ಓಡೋ ಕೆಲಸದ ಫೈಲು) ಬರೆದಿದ್ದೇನೆ. ಅದು ಕ್ಲಾಸಿಗೆ ಬಂದವರಿಗೆ.

  

ನೆಟ್ ಬಂತು, ಆದರೆ ಒಬ್ಬ ಹುಡುಗ ಮಾಡಿದ ಫೈಲು ಇನ್ನೊಬ್ಬನಿಗೆ ಕಾಣತೊಡಗಿತು. ಎಲ್ಲ ವಿಎಂ ಒಂದೇ ಉಬುಂಟುವಿನಿಂದ (ಒಂದು ಬಗೆಯ ಲಿನಕ್ಸ್) ಕ್ಲೋನ್, ಅಂದರೆ ನಕಲು, ಮಾಡಿದ್ದವು. ಮ್ಯಾಕ್ ಬೇರೆ ಇದ್ದರೂ ಮಷಿನ್-ಐಡಿ (ಲಿನಕ್ಸ್ ತನಗೆ ತಾನೇ ಇಟ್ಟುಕೊಳ್ಳೋ ಗುರುತು) ಒಂದೇ, ರೂಟರ್‌ಗೆ ಹೋಗೋ ಗುರುತು ಅದರಿಂದಲೇ ಹುಟ್ಟೋದು, ಹಾಗಾಗಿ ಐಪಿಯೂ ಒಂದೇ, ಒಬ್ಬ ಲಾಗಿನ್ ಆದರೆ ಇನ್ನೊಬ್ಬನ ವಿಎಂಗೆ ಹೋಗಿಬಿಡ್ತಿದ್ದ. ಹೋಸ್ಟ್ ಕೀಗಳೂ (ಯಂತ್ರ ತಾನು ಯಾರೆಂದು ತೋರಿಸೋ ಬೀಗದ ಕೀ) ಒಂದೇ ಆದ್ದರಿಂದ ದೂರದಿಂದ ಲಾಗಿನ್ ಆಗೋ ಎಸ್‌ಎಸ್‌ಎಚ್ ಒಂದು ಎಚ್ಚರಿಕೆಯನ್ನೂ ಕೊಡಲಿಲ್ಲ. ಕ್ಲೋನ್‌ಗಳ ಹಳೆ ಗುರುತು ಅಳಿಸೋ ವರ್ಟ್-ಸಿಸ್‌ಪ್ರೆಪ್‌ನಿಂದ ಎಲ್ಲವನ್ನೂ ತೊಳೆದೆ. ಎಷ್ಟು ತೊಳೆಯಿತೆಂದರೆ ಕೀಗಳೇ ಇಲ್ಲದೆ ಎಸ್‌ಎಸ್‌ಎಚ್ ಬಾಗಿಲೇ ತೆರೆಯಲಿಲ್ಲ. ಒಂದೊಂದು ವಿಎಂನ ಕನ್ಸೋಲ್‌ಗೆ ಹೋಗಿ ಎಸ್‌ಎಸ್‌ಎಚ್-ಕೀಜೆನ್ ಓಡಿಸಿ ಹೊಸ ಕೀ ಮಾಡುತ್ತ ರಾತ್ರಿ ಒಂದೂವರೆ. ಮರುದಿನ ಹತ್ತರ ಬ್ಯಾಚಿಗೆ ಹನ್ನೆರಡಕ್ಕೆ ಹನ್ನೆರಡೂ ಬೇರೆ ಐಪಿ ಹಿಡಿದು ನಿಂತಿದ್ದವು. ಗೆಳೆಯನನ್ನು ಕರೆದು ತೋರಿಸಿದೆ. "ಹಂಗಾರ ಸ್ವಿಚ್ ವಾಪಸ್ ತಗೊಳ್ಲಾ?" ಅಂದ. ಸಾವಿರದ ನೂರಕ್ಕೆ ತಗೊಂಡು ಹೋದ.